‘ತನ್ನ’ ಬಲ್ಲವರಿಗೆ ‘ಹಿಮ್‌ಸೆಲ್ಫ್’ ಪರೀಕ್ಷೆ

ಇಂಗ್ಲಿಷ್ ವ್ಯಾಕರಣದ ಪ್ರಶ್ನೆಪತ್ರಿಕೆಗಳಲ್ಲಿ ಎಷ್ಟು ಸಲ ಕೇಳಿದರೂ ಸವೆಯದ ಒಂದು ಪ್ರಶ್ನೆ ಇದೆ. ‘ಎವರಿವನ್ ಮಸ್ಟ್ ಬ್ರಿಂಗ್’ ಎಂದು ಆರಂಭವಾಗಿ, ನಡುವೆ ಒಂದು ಖಾಲಿ ಜಾಗ, ಕೊನೆಗೆ ‘ಓನ್ ಲಂಚ್’. ಜಾಗ ತುಂಬಲು ಹಿಸ್, ದೇರ್, ಅವರ್, ಇಟ್ಸ್ ಎಂಬ ನಾಲ್ಕು ಆಯ್ಕೆ. ಮಾಗಡಿಯ ಕನ್ನಡ ಮಾಧ್ಯಮದ ಶಾಲೆಯಲ್ಲಿ ಓದುವ ಹುಡುಗಿಯ ತಲೆಯಲ್ಲಿ ಈ ವಾಕ್ಯ ‘ಪ್ರತಿಯೊಬ್ಬರೂ ತಮ್ಮ ತಮ್ಮ ಬುತ್ತಿ ತರಬೇಕು’ ಎಂದು ಮೂಡುತ್ತದೆ. ಅವಳ ಪೆನ್ನು ‘ದೇರ್’ ಕಡೆ ಹೋಗುವುದು ಸಹಜ. ಹಳೆಯ ವ್ಯಾಕರಣ ಪುಸ್ತಕವನ್ನು ನಂಬಿದ ಉತ್ತರಸೂಚಿಯಲ್ಲಿ ಇರುವುದು ‘ಹಿಸ್’. ಒಂದು ಅಂಕ ಹೋಯಿತು. ಹೋದದ್ದು ಒಂದೇ ಅಂಕ, ನಿಜ. ಆದರೆ ಆ ಹುಡುಗಿಯ ಉತ್ತರವನ್ನು ಅವಳ ಮಾತೃಭಾಷೆಯೂ ಒಪ್ಪುತ್ತದೆ, ಇವತ್ತಿನ ಇಂಗ್ಲಿಷೂ ಒಪ್ಪುತ್ತದೆ. ಒಪ್ಪದೆ ಉಳಿದಿರುವುದು ಉತ್ತರಸೂಚಿಯೊಂದೇ. ಸರ್ವನಾಮದ ಹೊಂದಾಣಿಕೆ ಮತ್ತು ಆತ್ಮಾರ್ಥಕ ಸರ್ವನಾಮ ಎಂಬ ಈ ಎರಡು ಪಾಠಗಳನ್ನು ನಾವು ಪರೀಕ್ಷಿಸುವ ರೀತಿ ಇಂಗ್ಲಿಷನ್ನು ಅಳೆಯುತ್ತಿಲ್ಲ, ಒಂದು ಹಳೆಯ ನಿಯಮಪುಸ್ತಕದ ನೆನಪನ್ನು ಅಳೆಯುತ್ತಿದೆ. ಇನ್ನೊಂದು ಕಡೆ, ಈ ಪಾಠಗಳಿಗೆ ಬೇಕಾದ ಬಂಡವಾಳ ಮಕ್ಕಳ ಕನ್ನಡದಲ್ಲೇ ಇದ್ದರೂ ನಾವು ಅದನ್ನು ಮುಟ್ಟುತ್ತಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನು ಮುಂದಿಟ್ಟುಕೊಂಡು ಈ ಮಾತನ್ನು ಆಡುವುದಕ್ಕೆ ಕಾರಣವಿದೆ. 2007ರ ಆಗಸ್ಟ್‌ನಲ್ಲಿ ಈ ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದವು. ಅದೇ 2007-08ರ ಶೈಕ್ಷಣಿಕ ವರ್ಷದಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಆಗ ಮುಖ್ಯಮಂತ್ರಿಯಾಗಿದ್ದ ಎಚ್.ಡಿ. ಕುಮಾರಸ್ವಾಮಿ ಅವರು ರಾಮನಗರ ಕ್ಷೇತ್ರದ ಶಾಸಕರೇ. ಆ ವರ್ಷ ಒಂದನೆಯ ತರಗತಿಗೆ ಸೇರಿದ ಮಕ್ಕಳು 2017ರಲ್ಲಿ ಎಸ್ಸೆಸ್ಸೆಲ್ಸಿ ಬರೆದರು. ಜಿಲ್ಲೆಗೆ 2025ರಲ್ಲಿ ‘ಬೆಂಗಳೂರು ದಕ್ಷಿಣ’ ಎಂಬ ಹೆಸರೂ ಬಂತು. ಹೆಸರು ಬದಲಾಗುವುದು ಈ ಊರಿಗೆ ಹೊಸದಲ್ಲ, ಬ್ರಿಟಿಷರ ಕಾಲದಲ್ಲಿ ಇದೇ ರಾಮನಗರ ಬ್ಯಾರಿ ಕ್ಲೋಸ್ ಎಂಬ ಅಧಿಕಾರಿಯ ಹೆಸರಿನಲ್ಲಿ ಕ್ಲೋಸ್‌ಪೇಟೆ ಆಗಿತ್ತು. ರೇಷ್ಮೆಗೂಡಿನ ಮಾರುಕಟ್ಟೆಯಿಂದ, ಬಣ್ಣದ ಬೊಂಬೆಯ ಕಾರ್ಖಾನೆಯಿಂದ, ರಾಗಿಹೊಲದಿಂದ ಬರುವ ಮಕ್ಕಳು ಹತ್ತು ವರ್ಷ ಇಂಗ್ಲಿಷ್ ಓದಿ, ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಯಾಗಿ ಎಂಬತ್ತು ಅಂಕಗಳ ಲಿಖಿತ ಪರೀಕ್ಷೆ ಬರೆಯುತ್ತಾರೆ. ಆಮೇಲೆ ಬ್ಯಾಂಕು, ಎಸ್ಸೆಸ್ಸಿ, ರಾಜ್ಯದ ನೇಮಕಾತಿ ಪರೀಕ್ಷೆಗಳಲ್ಲಿ ‘ತಪ್ಪು ಗುರುತಿಸಿ’ ಎಂಬ ಪ್ರಶ್ನೆಗಳಿಗೆ ಮತ್ತೆ ಎದುರಾಗುತ್ತಾರೆ. ಹತ್ತನೆಯ ತರಗತಿಯ ಪತ್ರಿಕೆಯಲ್ಲಿ ಈ ವಿಷಯ ಹೆಚ್ಚಾಗಿ ಪರೋಕ್ಷ ಭಾಷಣದ ಹೊದಿಕೆ ಹೊದ್ದು ಬರುತ್ತದೆ. ನೇಮಕಾತಿ ಪರೀಕ್ಷೆಗಳಲ್ಲಿ ನೇರವಾಗಿ, ಬರಿಮೈಯಲ್ಲಿ.

ಕನ್ನಡದ ಕಡೆ ನೋಡೋಣ. ಪ್ರೌಢಶಾಲೆಯ ಕನ್ನಡ ವ್ಯಾಕರಣ ಪಾಠ ಸರ್ವನಾಮಗಳನ್ನು ಪುರುಷಾರ್ಥಕ, ಪ್ರಶ್ನಾರ್ಥಕ, ಆತ್ಮಾರ್ಥಕ ಎಂದು ವಿಂಗಡಿಸುತ್ತದೆ. ಆತ್ಮಾರ್ಥಕಕ್ಕೆ ತಾನು, ತಾವು ಎಂಬ ಉದಾಹರಣೆ ಕೊಡುತ್ತದೆ. ಎಂದರೆ ಇಂಗ್ಲಿಷ್ ಮೇಷ್ಟ್ರು ‘ರಿಫ್ಲೆಕ್ಸಿವ್ ಪ್ರೊನೌನ್’ ಎಂದು ಕಪ್ಪುಹಲಗೆಯ ಮೇಲೆ ಬರೆಯುವ ಹೊತ್ತಿಗೆ ಅದೇ ಸಂಗತಿಯನ್ನು ಪಕ್ಕದ ಪೀರಿಯಡ್ಡಿನಲ್ಲಿ ಕನ್ನಡ ಪಂಡಿತರು ಹೇಳಿ ಮುಗಿಸಿರುತ್ತಾರೆ. ಎರಡೂ ಪಾಠಗಳು ಒಂದನ್ನೊಂದು ನೋಡಿದ್ದೇ ಇಲ್ಲ. ಈ ‘ತಾನು’ ನಿನ್ನೆ ಮೊನ್ನೆಯದಲ್ಲ. ಹಳಗನ್ನಡದ ‘ತಾಂ’ ಅದರ ಹಿರಿಯ ರೂಪ, ತಮಿಳು ತೆಲುಗುಗಳಲ್ಲೂ ಇದರ ಒಡಹುಟ್ಟುಗಳಿವೆ. ಡಿ.ಎನ್. ಶಂಕರ ಭಟ್ಟರು 2004ರಲ್ಲಿ ಆಕ್ಸ್‌ಫರ್ಡ್ ಪ್ರಕಟಿಸಿದ ತಮ್ಮ ‘ಪ್ರೊನೌನ್ಸ್’ ಗ್ರಂಥದಲ್ಲಿ, ನಾನು-ನೀನು ಒಂದು ಜಾತಿ, ಅವನು-ಅವಳು-ಅದು ಬೇರೆಯೇ ಜಾತಿ ಎಂಬ ಮಾತನ್ನು ಲೋಕದ ಹಲವು ಭಾಷೆಗಳ ಆಧಾರದಿಂದ ಬೆಳೆಸಿದರು. ಕನ್ನಡದ ‘ಅವನು’ ತೋರುಬೆರಳಿನ ‘ಆ’ದಿಂದ ಹುಟ್ಟಿದ್ದು, ಅದಕ್ಕೆ ಜೋಡಿಯಾಗಿ ‘ಇವನು’ ಇದೆ. ಇಂಗ್ಲಿಷಿನ ‘ಹಿ’ಗೆ ಇಂಥ ಜೋಡಿಯಿಲ್ಲ. ಕನ್ನಡದ ಕ್ರಿಯಾಪದ ಪುರುಷ, ಲಿಂಗ, ವಚನ ಮೂರನ್ನೂ ಹೊರುವುದರಿಂದ ‘ಬಂದಳು’ ಎಂದರೆ ಸಾಕು, ಯಾರು ಬಂದದ್ದೆಂಬ ಸುಳಿವು ಅದರೊಳಗೇ ಇದೆ. ‘ಕೇಮ್’ ಏನನ್ನೂ ಹೊರುವುದಿಲ್ಲ. ಹಾಗಾಗಿ ಇಂಗ್ಲಿಷಿನಲ್ಲಿ ಹೊರೆಯೆಲ್ಲ ಸರ್ವನಾಮದ ತಲೆಯ ಮೇಲೆ. ಇಷ್ಟನ್ನು ಮೊದಲೇ ಹೇಳಿದರೆ ‘ಹೊಂದಾಣಿಕೆ’ ಎಂಬ ಪದ ಮಕ್ಕಳಿಗೆ ಗುಮ್ಮನಂತೆ ಕಾಣುವುದಿಲ್ಲ.

ಕಷ್ಟ ಇರುವುದು ‘ಸೆಲ್ಫ್’ನಲ್ಲಿ. ಇಂಗ್ಲಿಷ್ ಈ ಒಂದೇ ಪ್ರತ್ಯಯದಿಂದ ಮಾಡಿಸುವ ಕೆಲಸಗಳನ್ನು ಕನ್ನಡ ಮೂರು ಕೈಗಳಿಗೆ ಹಂಚಿದೆ. ಒತ್ತು ಕೊಡುವುದಕ್ಕೆ ‘ಏ’ ಇದೆ: ‘ತಹಸೀಲ್ದಾರರೇ ಬಂದರು’ ಎಂಬಲ್ಲಿ ಇಂಗ್ಲಿಷ್ ‘ಹಿಮ್‌ಸೆಲ್ಫ್’ ಸೇರಿಸುತ್ತದೆ. ಕರ್ತೃವನ್ನು ಮತ್ತೆ ತೋರಿಸುವುದಕ್ಕೆ ‘ತಾನು, ತನ್ನ’ ಇವೆ. ಕೆಲಸದ ಫಲ ಮಾಡಿದವನಿಗೇ ಮರಳುತ್ತದೆ ಎನ್ನುವುದಕ್ಕೆ ಕ್ರಿಯೆಗೆ ಅಂಟುವ ‘ಕೊಳ್ಳು’ ಇದೆ. ‘ಹರಿ ಹೊಡೆದ’ ಎಂದರೆ ಬೇರೆ ಯಾರನ್ನೋ, ‘ಹರಿ ತನ್ನನ್ನು ತಾನೇ ಹೊಡೆದುಕೊಂಡ’ ಎಂದರೆ ಮೂರು ಕೈಗಳೂ ಒಟ್ಟಿಗೆ ಕೆಲಸಕ್ಕೆ ಇಳಿದವು ಎಂದರ್ಥ. ಈ ಹಂಚಿಕೆ ಹೊರಗಿನ ಭಾಷಾವಿಜ್ಞಾನಿಗಳ ಗಮನವನ್ನೂ ಸೆಳೆದಿದೆ. ದಕ್ಷಿಣ ಏಷ್ಯಾದ ಭಾಷೆಗಳ ಸರ್ವನಾಮಗಳ ಕುರಿತು 2000ದಲ್ಲಿ ಬಂದ ದೊಡ್ಡ ಸಂಪುಟದಲ್ಲಿ ಕನ್ನಡದ ಅಧ್ಯಾಯವನ್ನು ಆರ್. ಅಮೃತವಲ್ಲಿ ಬರೆದರು. ಜೆಫ್ರಿ ಲಿಡ್ಜ್ 2001ರಲ್ಲಿ ‘ಲಿಂಗ್ವಿಸ್ಟಿಕ್ ಇನ್‌ಕ್ವೈರಿ’ ಪತ್ರಿಕೆಯಲ್ಲಿ ಪ್ರಕಟಿಸಿದ ‘ಕಂಡೀಷನ್ ಆರ್’ ಎಂಬ ಲೇಖನಕ್ಕೆ ಕನ್ನಡದ ‘ಕೊಳ್ಳು’ ಒಂದು ಮುಖ್ಯ ಸಾಕ್ಷಿ. ಸರ್ವನಾಮ ಹೇಳುವ ಆತ್ಮಾರ್ಥ ಬೇರೆ, ಕ್ರಿಯಾಪದ ಹೇಳುವ ಆತ್ಮಾರ್ಥ ಬೇರೆ ಎಂಬುದಕ್ಕೆ ನಮ್ಮ ದಿನದ ಮಾತೇ ಅಲ್ಲಿ ಪುರಾವೆ. ಕನಕಪುರದ ಹಳ್ಳಿಯೊಂದರಲ್ಲಿ ಆರು ವರ್ಷದ ಮಗು ‘ನಾನೇ ಹಾಕ್ಕೋತೀನಿ’ ಎಂದು ಚಪ್ಪಲಿಗೆ ಕೈ ಹಾಕುವಾಗ ಈ ಪ್ರಬಂಧಗಳ ವಿಷಯವನ್ನೇ ಆಡುತ್ತಿರುತ್ತದೆ.

ಹಾಗಾದರೆ ‘ಕೊಳ್ಳು’ ಕಂಡಲ್ಲೆಲ್ಲ ‘ಸೆಲ್ಫ್’ ಹಾಕಿ ಎಂದು ಸೂತ್ರ ಕೊಟ್ಟುಬಿಡಬಹುದೇ? ಆಗದು. ಇಲ್ಲಿ ನಿಧಾನವಾಗಿ ನಡೆಯಬೇಕು. ಸ್ಪರ್ಧಾ ಪರೀಕ್ಷೆಯವರಿಗೆ ಬಹಳ ಪ್ರಿಯವಾದ ಒಂದು ಕ್ರಿಯಾಪದ ‘ಅವೈಲ್’. ಅಂಗಡಿ ಫಲಕಗಳಲ್ಲಿ ‘ಅವೈಲ್ ದಿಸ್ ಆಫರ್’ ಎಂದಿರುತ್ತದೆ. ವ್ಯಾಕರಣ ಪುಸ್ತಕ ‘ಅವೈಲ್ ಯುವರ್‌ಸೆಲ್ಫ್ ಆಫ್’ ಎನ್ನಬೇಕು ಎನ್ನುತ್ತದೆ. ಇದನ್ನು ಅಭ್ಯರ್ಥಿಗಳು ಉರುಹೊಡೆಯುತ್ತಾರೆ. ನಮ್ಮ ಪಂಚಾಯಿತಿ ಪ್ರಕಟಣೆಯ ಕನ್ನಡವನ್ನು ಒಮ್ಮೆ ಓದಿ: ‘ಸಾರ್ವಜನಿಕರು ಈ ಅವಕಾಶವನ್ನು ಸದುಪಯೋಗಪಡಿಸಿಕೊಳ್ಳಬೇಕು.’ ಅಲ್ಲಿ ‘ಕೊಳ್ಳು’ ಕೂತಿದೆ! ‘ಯುವರ್‌ಸೆಲ್ಫ್’ ಮಾಡುವ ಕೆಲಸವನ್ನು ಅದು ಮಾಡುತ್ತಿದೆ. ‘ಪರಿಚಯ ಮಾಡಿಕೊಂಡ’, ‘ಗಾಯ ಮಾಡಿಕೊಂಡ’, ‘ತನ್ನನ್ನು ತೊಡಗಿಸಿಕೊಂಡ’ ಎಂಬಲ್ಲೂ ಎರಡು ಭಾಷೆಗಳು ಕೈಕೈ ಹಿಡಿಯುತ್ತವೆ. ಆದರೆ ‘ನಿಂತುಕೊಂಡ’, ‘ಮಲಗಿಕೊಂಡ’, ‘ಬಚ್ಚಿಟ್ಟುಕೊಂಡ’ ಎಂಬಲ್ಲಿ ಕೈ ಬಿಡುತ್ತವೆ. ‘ಹಿ ಸ್ಟುಡ್ ಹಿಮ್‌ಸೆಲ್ಫ್’ ಎಂದು ಬರೆದರೆ ತಪ್ಪು; ಬಚ್ಚಿಟ್ಟುಕೊಂಡದ್ದಕ್ಕೆ ‘ಹಿಡ್’ ಒಂದೇ ಸಾಕು, ಬೇಕಾದರೆ ‘ಹಿಮ್‌ಸೆಲ್ಫ್’ ಸೇರಿಸಿದರೂ ಇಂಗ್ಲಿಷರು ಗದರುವುದಿಲ್ಲ, ನಮ್ಮ ಗೈಡುಗಳು ಗದರುತ್ತವೆ. ‘ತಲೆ ಬಾಚಿಕೊಂಡಳು’ ಎಂಬಲ್ಲಿ ಇಂಗ್ಲಿಷ್ ‘ಹರ್ ಹೇರ್’ ಎಂದು ಬೇರೆ ದಾರಿಯನ್ನೇ ಹಿಡಿಯುತ್ತದೆ. ಎದುರು ದಿಕ್ಕಿನಲ್ಲಿ, ‘ಗೈರುಹಾಜರಾದ’ ಎಂಬುದರಲ್ಲಿ ‘ಕೊಳ್ಳು’ ಇಲ್ಲ, ‘ಆಬ್ಸೆಂಟೆಡ್ ಹಿಮ್‌ಸೆಲ್ಫ್’ನಲ್ಲಿ ‘ಸೆಲ್ಫ್’ ಇದೆ. ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ 1930ರ ದಶಕದಿಂದಲೂ ನಮ್ಮ ಮೇಜುಗಳ ಮೇಲಿದೆ. (ಇದೇ ರೆನ್ ಮಹಾಶಯರು ‘ಬ್ಯೂ ಜೆಸ್ಟ್’ ಎಂಬ ಸಾಹಸದ ಕಾದಂಬರಿ ಬರೆದವರು, ಅವರ ವ್ಯಾಕರಣಕ್ಕೆ ಆ ಕಾದಂಬರಿಯ ಚುರುಕು ಸ್ವಲ್ಪ ಬಂದಿದ್ದರೆ ಒಳ್ಳೆಯದಿತ್ತು.) ಅಂಥ ಪುಸ್ತಕ ಇಂಗ್ಲಿಷ್ ಕ್ರಿಯಾಪದಗಳನ್ನು ಪಟ್ಟಿಮಾಡಿ ಕೊಡಬಲ್ಲದು. ಎಲ್ಲಿ ಕನ್ನಡ ಜೊತೆಗಿದೆ, ಎಲ್ಲಿ ದೂರ ನಿಂತಿದೆ ಎಂದು ಹೇಳುವುದು ಅದರ ಕೆಲಸವಲ್ಲ. ಆ ಕೆಲಸ ನಮ್ಮದು, ನಾವು ಮಾಡಿಲ್ಲ.

ಇನ್ನೊಂದು ಬಗೆಯ ತಪ್ಪಿನ ಬೇರು ‘ತಾನು’ ಎಷ್ಟು ದೂರ ಕೈಚಾಚಬಲ್ಲದು ಎಂಬುದರಲ್ಲಿದೆ. ‘ಸಿದ್ದರಾಜು ತಾನು ಬರುವುದಿಲ್ಲ ಎಂದ’ ಎಂಬಲ್ಲಿ ‘ತಾನು’ ಒಳಗಿನ ವಾಕ್ಯದಲ್ಲಿ ಕೂತು ಹೊರಗಿನ ಸಿದ್ದರಾಜುವನ್ನು ತೋರಿಸುತ್ತದೆ. ಇಂಗ್ಲಿಷಿನ ‘ಹಿಮ್‌ಸೆಲ್ಫ್’ ತನ್ನ ಉಪವಾಕ್ಯದ ಬೇಲಿ ದಾಟುವುದಿಲ್ಲ; ಚಾಮ್‌ಸ್ಕಿ 1981ರಲ್ಲಿ ಸೂತ್ರವಾಗಿಸಿದ ಬಂಧನ ನಿಯಮಗಳಲ್ಲಿ ಮೊದಲನೆಯದು ಹೇಳುವುದು ಹೆಚ್ಚುಕಡಿಮೆ ಇದನ್ನೇ. ಕನ್ನಡದ ಹುಡುಗ ‘ಹಿ ಸೆಡ್ ದಟ್ ಹಿಮ್‌ಸೆಲ್ಫ್ ವಿಲ್ ಕಮ್’ ಎಂದು ಬರೆದರೆ ಅದು ಗಮನವಿಲ್ಲದೆ ಆದ ತಪ್ಪಲ್ಲ, ‘ತಾನು’ವಿನ ಶಿಸ್ತನ್ನು ಅಚ್ಚುಕಟ್ಟಾಗಿ ಪಾಲಿಸಿ ಆದ ತಪ್ಪು. ಆಡುಮಾತಿನಲ್ಲಿ ಇನ್ನೂ ಸೋಜಿಗದ ಸಂಗತಿಯಿದೆ: ‘ಅವನು ತಾನು ಬರ್ತೀನಿ ಅಂದ’ ಎನ್ನುತ್ತೇವೆ. ಸರ್ವನಾಮ ಪ್ರಥಮ ಪುರುಷದ್ದು, ಕ್ರಿಯಾಪದ ಉತ್ತಮ ಪುರುಷದ್ದು. ‘ಬರ್ತಾನೆ’ ಎಂದೂ ಹೇಳಬಹುದು. ಹೀಗೆ ಆಡುವವನ ಬಾಯಿಮಾತನ್ನೂ ವರದಿ ಮಾಡುವವನ ನೋಟವನ್ನೂ ಒಂದೇ ವಾಕ್ಯದಲ್ಲಿ ಬೆರೆಸುವ ಗುಣ ದ್ರಾವಿಡ ಭಾಷೆಗಳಲ್ಲಿ ಕಾಣಸಿಗುತ್ತದೆ. ಎಸ್ಸೆಸ್ಸೆಲ್ಸಿಯ ಪರೋಕ್ಷ ಭಾಷಣದ ಪ್ರಶ್ನೆಯಲ್ಲಿ ‘ಐ’ ಅನ್ನು ‘ಹಿ’ ಮಾಡಲು ಮಕ್ಕಳು ಎಡವುವುದಕ್ಕೆ ಇದೂ ಒಂದು ಕಾರಣವಿರಬೇಕು. ಅವರ ಭಾಷೆ ಆ ಬದಲಾವಣೆಯನ್ನು ಕಡ್ಡಾಯ ಮಾಡಿಲ್ಲ. ಇದಕ್ಕೆ ಪ್ರತಿಯಾಗಿ ಕನ್ನಡಕ್ಕೆ ಒಂದು ಲಾಭವೂ ಇದೆ. ‘ರಾಮ ಕೃಷ್ಣನಿಗೆ ತನ್ನ ಎತ್ತು ಕಳೆದುಹೋಯಿತು ಎಂದ’ ಎಂದರೆ ರಾಮನ ಎತ್ತು, ‘ಅವನ ಎತ್ತು’ ಎಂದರೆ ಕೃಷ್ಣನದೋ ಬೇರೆಯವನದೋ. ಇಂಗ್ಲಿಷ್ ಎರಡಕ್ಕೂ ‘ಹಿಸ್’ ಎಂದು ಕೈತೊಳೆದುಕೊಳ್ಳುತ್ತದೆ, ಆಮೇಲೆ ‘ಅಸ್ಪಷ್ಟ ಸರ್ವನಾಮ ಗುರುತಿಸಿ’ ಎಂದು ಪ್ರಶ್ನೆಯನ್ನೂ ಕೇಳುತ್ತದೆ.

ಚನ್ನಪಟ್ಟಣ, ರಾಮನಗರ ಪೇಟೆಗಳಲ್ಲಿ ಉರ್ದು ಮನೆಮಾತಿನ ಮಕ್ಕಳು ಕಡಿಮೆಯೇನಿಲ್ಲ. ಅವರ ‘ಅಪ್ನಾ’ ನಾನು, ನೀನು, ಅವನು ಎಲ್ಲರಿಗೂ ಒಂದೇ. ‘ಮೈ ಅಪ್ನಾ ಕಾಮ್’ ಎನ್ನಬೇಕು, ‘ಮೇರಾ ಕಾಮ್’ ಎಂದರೆ ಕಿವಿಗೆ ಒಗ್ಗದು. ಕನ್ನಡದಲ್ಲಿ ‘ನಾನು ನನ್ನ ಕೆಲಸ’, ‘ನೀನು ನಿನ್ನ ಕೆಲಸ’, ಪ್ರಥಮ ಪುರುಷದಲ್ಲಿ ಮಾತ್ರ ‘ತನ್ನ’. ಇಂಗ್ಲಿಷಿನ ‘ಮೈ, ಯುವರ್’ಗಳಿಗೆ ಕನ್ನಡ ಹತ್ತಿರ. ಆದರೆ ‘ಹಿ’ ಮತ್ತು ‘ಶಿ’ ವಿಷಯದಲ್ಲಿ, ‘ವೋ’ ಎಂಬ ಒಂದೇ ಪದ ಬಳಸುವ ಉರ್ದುವಿನ ಮಗುವಿಗೆ ಬೇಕಾದ ಅಭ್ಯಾಸ ಬೇರೆ, ‘ಅವನು, ಅವಳು’ ಎನ್ನುವ ಕನ್ನಡದ ಮಗುವಿಗೆ ಬೇಕಾದ್ದು ಬೇರೆ. ಒಂದೇ ಬೆಂಚಿನ ಮೇಲೆ ಕೂತ ಇಬ್ಬರು ಒಂದೇ ತಪ್ಪನ್ನು ಬೇರೆ ಬೇರೆ ಕಾರಣಕ್ಕೆ ಮಾಡಬಹುದು. ಕೆಂಪು ಶಾಯಿಗೆ ಈ ವ್ಯತ್ಯಾಸ ಕಾಣುವುದಿಲ್ಲ.

ಮೊದಲ ಪ್ರಶ್ನೆಗೆ ಮರಳೋಣ. ಹಳೇ ಮೈಸೂರು ಸೀಮೆಯ ಮಗುವಿಗೆ ಹೊಂದಾಣಿಕೆ ತಿಳಿಯದು ಎನ್ನುವವರು ಅದರ ಮನೆಮಾತನ್ನು ಕೇಳಿಲ್ಲ. ಮನೆಯಲ್ಲಿ ‘ಅವ್ವ ಬಂತು’, ಪುಸ್ತಕದಲ್ಲಿ ‘ತಾಯಿ ಬಂದಳು’, ಶಾಲೆಯ ಗೇಟಿನ ಹತ್ತಿರ ಮೇಷ್ಟ್ರಿಗೆ ‘ನಮ್ಮಮ್ಮ ಬಂದರು’. ಒಬ್ಬಳೇ ತಾಯಿ, ಮೂರು ಹೊಂದಾಣಿಕೆ, ಮೂರನ್ನೂ ಎಲ್ಲಿ ಬಳಸಬೇಕೆಂಬ ವಿವೇಕ ಆ ಮಗುವಿಗಿದೆ. ಗೌರವಕ್ಕಾಗಿ ಏಕವಚನದ ವ್ಯಕ್ತಿಗೆ ‘ಅವರು, ತಮ್ಮ’ ಎನ್ನುವುದು ಅದರ ರಕ್ತದಲ್ಲಿದೆ. ‘ಅವರ್ ಹೆಡ್‌ಮಾಸ್ಟರ್ ಹ್ಯಾಸ್ ಕಮ್, ದೇ ಆರ್ ಇನ್ ದಿ ಆಫೀಸ್’ ಎಂದು ಅದು ಬರೆದಾಗ ತಿದ್ದಲೇಬೇಕು. ಇಂಗ್ಲಿಷಿನ ಗೌರವ ಸರ್ವನಾಮದಲ್ಲಿ ಇಲ್ಲ ಎಂದು ಹೇಳಿಯೇ ತಿದ್ದಬೇಕು. ಆದರೆ ‘ಎವರಿವನ್’ ಜೊತೆ ‘ದೇರ್’ ಬರೆದಾಗ ತಿದ್ದಲು ನಮಗೆ ಅಧಿಕಾರವಿಲ್ಲ. ಲಿಂಗ ತಿಳಿಯದ ಒಬ್ಬರಿಗೆ ‘ದೇ’ ಎನ್ನುವ ರೂಢಿಯ ಜಾಡನ್ನು ಆಕ್ಸ್‌ಫರ್ಡ್ ನಿಘಂಟು 1375ರ ಸುಮಾರಿನವರೆಗೆ ಹಿಡಿದಿದೆ. ಷೇಕ್ಸ್‌ಪಿಯರ್, ಜೇನ್ ಆಸ್ಟೆನ್ ಇಬ್ಬರ ಬರವಣಿಗೆಯಲ್ಲೂ ಅದಿದೆ. ‘ಹಿ’ ಎಲ್ಲರನ್ನೂ ಒಳಗೊಳ್ಳುತ್ತದೆ ಎಂಬ ನಿಯಮ ಬಲಗೊಂಡದ್ದು ಹದಿನೆಂಟನೆಯ ಶತಮಾನದ ವ್ಯಾಕರಣಕಾರರಿಂದ. ಬ್ರಿಟಿಷ್ ಪಾರ್ಲಿಮೆಂಟು 1850ರಲ್ಲಿ ಕಾಯ್ದೆಗಳ ಭಾಷೆ ಮೊಟಕುಗೊಳಿಸಲು ಅದನ್ನು ಶಾಸನವಾಗಿಸಿತು. ನಮ್ಮ 1897ರ ಜನರಲ್ ಕ್ಲಾಸಸ್ ಕಾಯ್ದೆಯ 13ನೆಯ ಕಲಮಿನಲ್ಲೂ ಪುಲ್ಲಿಂಗ ಸ್ತ್ರೀಯರನ್ನೂ ಒಳಗೊಳ್ಳುತ್ತದೆ ಎಂದಿದೆ. ಕಾಯ್ದೆಯ ಅರ್ಥ ಹೇಳಲು ಮಾಡಿದ ಏರ್ಪಾಟು ತರಗತಿಯ ವ್ಯಾಕರಣದಲ್ಲಿ ವೇದವಾಕ್ಯವಾಗಿ ಉಳಿಯಿತು. ಅಮೆರಿಕದ ಮನಶ್ಶಾಸ್ತ್ರ ಸಂಘ 2019ರ ತನ್ನ ಶೈಲಿ ಕೈಪಿಡಿಯಲ್ಲಿ ಏಕವಚನದ ‘ದೇ’ಯನ್ನು ಒಪ್ಪಿತು, ಅದೇ ವರ್ಷ ಮೆರಿಯಮ್-ವೆಬ್‌ಸ್ಟರ್ ನಿಘಂಟು ಅದನ್ನೇ ವರ್ಷದ ಪದವಾಗಿ ಆರಿಸಿತು. ಕನ್ನಡ ಈ ಜಗಳಕ್ಕೆ ಸಿಕ್ಕಿಕೊಳ್ಳಲೇ ಇಲ್ಲ, ಏಕೆಂದರೆ ನಮ್ಮ ‘ತನ್ನ’ಕ್ಕೆ ಲಿಂಗವೇ ಇಲ್ಲ. ‘ಪ್ರತಿಯೊಬ್ಬನೂ’ ಎಂದು ಪುಲ್ಲಿಂಗವನ್ನು ಮುಂದಿಡುವ ಚಾಳಿ ನಮ್ಮಲ್ಲೂ ಇದೆ, ಅದನ್ನು ಮುಚ್ಚಿಡಬೇಕಿಲ್ಲ; ಆದರೂ ‘ಪ್ರತಿಯೊಬ್ಬರೂ ತಮ್ಮ’ ಎಂಬ ಹಾದಿ ಸದಾ ತೆರೆದಿತ್ತು.

ಆಕ್ಷೇಪಗಳಿವೆ. ದೆಹಲಿಯಲ್ಲಿ ತಯಾರಾಗುವ ಪ್ರಶ್ನೆಪತ್ರಿಕೆಯ ಉತ್ತರಸೂಚಿಯನ್ನು ಚನ್ನಪಟ್ಟಣದ ಮೇಷ್ಟ್ರು ಬದಲಿಸಲಾರರು, ಅಭ್ಯರ್ಥಿಗೆ ಬೇಕಾದ್ದು ಅಂಕ, ಇತಿಹಾಸವಲ್ಲ ಎನ್ನುವುದು ಒಂದು. ಮಾತು ನಿಜ. ಎಸ್ಸೆಸ್ಸಿ ಕೆಲವು ಪರೀಕ್ಷೆಗಳನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯಲು ಬಿಟ್ಟ ಮೇಲೂ ಇಂಗ್ಲಿಷ್ ವಿಭಾಗ ಇಂಗ್ಲಿಷಾಗಿಯೇ ಇದೆ. ಹಾಗಾಗಿ ‘ಹಿಸ್ ಎಂಬ ಉತ್ತರ ಬಯಸುವ ಪರೀಕ್ಷೆಗಳಿವೆ’ ಎಂದು ಮಕ್ಕಳಿಗೆ ಹೇಳಿಕೊಡಲೇಬೇಕು. ಅದನ್ನು ಪರೀಕ್ಷೆಯ ಪದ್ಧತಿ ಎಂದು ಹೇಳಬೇಕು, ಇಂಗ್ಲಿಷಿನ ನಿಯಮ ಎಂದಲ್ಲ. ಬೆಂಗಳೂರಿನಲ್ಲಿರುವ ನಮ್ಮದೇ ಮಂಡಳಿಗಳ ಉತ್ತರಸೂಚಿಗಳ ಮಟ್ಟಿಗೆ ಈ ನೆಪ ನಡೆಯುವುದಿಲ್ಲ. ಕನ್ನಡದ ಮೂಲಕ ಇಂಗ್ಲಿಷ್ ಕಲಿಸಿದರೆ ಕನ್ನಡದ ತಪ್ಪುಗಳೇ ಇಂಗ್ಲಿಷಿಗೆ ಇಳಿಯುತ್ತವೆ ಎನ್ನುವುದು ಇನ್ನೊಂದು ಆಕ್ಷೇಪ. ಕನ್ನಡವನ್ನು ಬಾಗಿಲ ಹೊರಗೆ ನಿಲ್ಲಿಸಿದರೂ ಅವು ಇಳಿಯುತ್ತಲೇ ಇವೆ. ‘ಹಿಮ್‌ಸೆಲ್ಫ್ ವಿಲ್ ಕಮ್’ ಎಂದು ಯಾವ ಮೇಷ್ಟ್ರೂ ಹೇಳಿಕೊಟ್ಟಿಲ್ಲ.

ಇವೆರಡಕ್ಕಿಂತ ತೂಕದ ಆಕ್ಷೇಪವೊಂದು ನಮ್ಮ ನೆಲದಲ್ಲೇ ಹುಟ್ಟಿದೆ. 1963ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ನಡೆಸಿದ, ‘ಬೆಂಗಳೂರು ಪ್ರಾಜೆಕ್ಟ್’ ಎಂದು ಲೋಕವೆಲ್ಲ ಕರೆಯುವ ಪ್ರಯೋಗ, ವ್ಯಾಕರಣವನ್ನು ಬಿಡಿಸಿ ಹೇಳುವುದನ್ನೇ ಬಿಟ್ಟಿತು. ನಕ್ಷೆ ಓದುವುದು, ವೇಳಾಪಟ್ಟಿ ಬಿಡಿಸುವುದು ಮುಂತಾದ ಕೆಲಸ ಕೊಟ್ಟು, ಅರ್ಥದ ಕಡೆ ಗಮನವಿದ್ದಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂದು ನಂಬಿತು. 1987ರಲ್ಲಿ ಪ್ರಭು ಅವರು ಬರೆದ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಇಂದಿಗೂ ಈ ಕ್ಷೇತ್ರದ ಮುಖ್ಯ ಪುಸ್ತಕಗಳಲ್ಲೊಂದು. ಅವರ ವಾದ ಒಪ್ಪಿದರೆ ‘ತಾನು’ವಿನ ಈ ಪಾಠವೆಲ್ಲ ದಂಡವಲ್ಲವೇ? ತರಗತಿಯಲ್ಲಿ ಸಾಕಷ್ಟು ಇಂಗ್ಲಿಷ್ ಕಿವಿಗೆ ಬೀಳುವ ಕಡೆ ಅವರ ಮಾತು ಗೆಲ್ಲಬಹುದು. ದಿನಕ್ಕೊಂದು ಪೀರಿಯಡ್ ಇಂಗ್ಲಿಷ್ ಕೇಳಿ ಮಿಕ್ಕ ಹೊತ್ತೆಲ್ಲ ಕನ್ನಡದಲ್ಲೋ ಉರ್ದುವಿನಲ್ಲೋ ಬದುಕುವ ಮಗುವಿಗೆ ಒಂದು ಸಣ್ಣ ಹೋಲಿಕೆ ವರ್ಷಗಳ ಕಾಯುವಿಕೆಯನ್ನು ತಪ್ಪಿಸುತ್ತದೆ ಎಂಬುದು ನನ್ನ ನಿಲುವು. ಇನ್ನೊಂದು ಮಾತು, ಪ್ರಭು ಅವರನ್ನು ಪೂರ್ತಿ ಒಪ್ಪುವವರು ಬಿಟ್ಟಸ್ಥಳ ತುಂಬುವ ಸರ್ವನಾಮದ ಪ್ರಶ್ನೆಗಳನ್ನೂ ಒಪ್ಪುವಂತಿಲ್ಲ. ಪಾಠದಲ್ಲಿ ವ್ಯಾಕರಣ ಬೇಡ, ಪರೀಕ್ಷೆಯಲ್ಲಿ ಮಾತ್ರ ಬೇಕು ಎನ್ನುವುದು ಯಾವ ಸಿದ್ಧಾಂತದಲ್ಲೂ ಇಲ್ಲ.

ಎಲ್ಲ ತಪ್ಪನ್ನೂ ಮಾತೃಭಾಷೆಯ ತಲೆಗೆ ಕಟ್ಟುವುದೂ ಸಲ್ಲ. ಬಿಡದಿಯ ಕೈಗಾರಿಕಾ ಪ್ರದೇಶದ ಸಂದರ್ಶನಗಳವರೆಗೂ ಹಬ್ಬಿರುವ ‘ಮೈಸೆಲ್ಫ್ ಮಂಜುನಾಥ್’ ಕನ್ನಡದಿಂದ ಬಂದದ್ದಲ್ಲ. ಕನ್ನಡದಲ್ಲಿ ‘ನಾನು ಮಂಜುನಾಥ’ ಎನ್ನುತ್ತೇವೆ, ‘ನನ್ನನ್ನು ನಾನೇ’ ಎನ್ನುವುದಿಲ್ಲ. ‘ಇಂಟ್ರೊಡ್ಯೂಸ್ ಯುವರ್‌ಸೆಲ್ಫ್’ ಎಂದು ಕೇಳಿದವರಿಗೆ ‘ಮೈಸೆಲ್ಫ್’ ಎಂದೇ ಉತ್ತರಿಸುವುದು ಮರ್ಯಾದೆಯೆಂದು ತೋರಿರಬೇಕು. ಪ್ರಶ್ನೆಯ ಪದವೇ ಉತ್ತರವನ್ನು ಎಳೆದುತಂದಿದೆ ಎಂಬುದು ನನ್ನ ಊಹೆ. ಇಂಗ್ಲಿಷ್ ಮನೆಮಾತಿನವರೂ ‘ಜಾನ್ ಅಂಡ್ ಮೈಸೆಲ್ಫ್’ ಎಂದು ಠೀವಿ ತೋರಿಸುತ್ತಾರೆ. ‘ಬಿಟ್ವೀನ್ ಯು ಅಂಡ್ ಐ’ಯಂಥ ವಿಭಕ್ತಿಯ ತಪ್ಪೂ ಅವರದೇ ಕೊಡುಗೆ. ‘ನಿನ್ನ ಮತ್ತು ನಾನು ನಡುವೆ’ ಎಂದು ಕನ್ನಡದವರು ಯಾರೂ ಹೇಳಲಾರರು.

ಹಾಗಾಗಿ ಕೇಳಿಕೊಳ್ಳುವುದು ಇಷ್ಟು. ಈ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಕನ್ನಡ ಮೇಷ್ಟ್ರೂ ಇಂಗ್ಲಿಷ್ ಮೇಷ್ಟ್ರೂ, ಉರ್ದು ಮೇಷ್ಟ್ರಿದ್ದರೆ ಅವರೂ, ಒಂದು ಮಧ್ಯಾಹ್ನ ಒಟ್ಟಿಗೆ ಕೂತು ‘ಏ’, ‘ತಾನು’, ‘ಕೊಳ್ಳು’, ‘ಅಪ್ನಾ’ಗಳ ಎದುರು ‘ಸೆಲ್ಫ್’ ಬರುವ ಕಡೆ, ಬಾರದ ಕಡೆ ಗುರುತು ಹಾಕಲಿ. ನಾಲ್ಕು ಪುಟದ ಕೆಲಸ, ಸರ್ಕಾರಿ ಆದೇಶ ಬೇಕಿಲ್ಲ. ಪ್ರಶ್ನೆ ತಯಾರಿಸುವವರು ‘ಎವರಿವನ್’ ಮುಂದೆ ಖಾಲಿ ಜಾಗ ಬಿಡುವುದನ್ನು ನಿಲ್ಲಿಸಿದರೆ ಒಳ್ಳೆಯದು. ನಿಲ್ಲಿಸದಿದ್ದರೆ, ಮುಂದಿನ ಉತ್ತರಸೂಚಿಯಲ್ಲಿ ‘ಹಿಸ್’ ಪಕ್ಕದಲ್ಲೇ ‘ದೇರ್’ಗೂ ಒಂದು ಅಂಕ ಎಂದು ಬರೆಯಲಿ.